ಚೌಕಾಸಿಯಿಂದ ಸಂಧಾನದವರೆಗೆ: ಇಂಗ್ಲಿಷಿನ ವ್ಯವಹಾರ ಪದಗಳು ಮತ್ತು ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಕನ್ನಡ

ಕೊಡುವವರೂ ಕೊಳ್ಳುವವರೂ, ಇಲ್ಲವೇ ತಕರಾರಿನಲ್ಲಿರುವ ಎರಡು ಪಕ್ಷಗಳು, ಮಾತಿನಿಂದಲೇ ಒಂದು ಒಪ್ಪಿಗೆಗೆ ಬರುವುದನ್ನು ಹೇಳಲು ಇಂಗ್ಲಿಷಿನಲ್ಲಿ ದೊಡ್ಡದೊಂದು ಪದಸಮೂಹವಿದೆ. ಹ್ಯಾಗಲ್, ಬಾರ್ಗೇನ್, ಡೀಲ್, ನೆಗೋಷಿಯೇಟ್, ಕಾಂಪ್ರಮೈಸ್, ಕನ್ಸೆಷನ್, ಸೆಟ್ಲ್‌ಮೆಂಟ್, ಮೀಡಿಯೇಷನ್, ಆರ್ಬಿಟ್ರೇಷನ್ ಇವು ಅದರಲ್ಲಿ ಮುಖ್ಯವಾದವು. ಇವುಗಳಲ್ಲಿ ಅರ್ಧದಷ್ಟು ಈಗ ಕನ್ನಡದ ಮಾತಿನಲ್ಲಿ ಬೆರೆತುಹೋಗಿವೆ. ಉಳಿದವಕ್ಕೆ ನಿಘಂಟುಗಳು ಚೌಕಾಸಿ, ಮಾತುಕತೆ, ಸಂಧಾನ, ರಾಜಿ, ಮಧ್ಯಸ್ಥಿಕೆ ಎಂದು ಅರ್ಥ ಕೊಡುತ್ತವೆ. ಒಂದಕ್ಕೊಂದು ಜೋಡಿಸಿಟ್ಟ ಈ ಪಟ್ಟಿ ಅನುಕೂಲದ್ದೇ ಆದರೂ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ವ್ಯವಹಾರದ ಪ್ರತಿಯೊಂದು ಪದವೂ ಒಂದು ಕ್ರಿಯೆಯನ್ನು ಹೆಸರಿಸುವುದರ ಜೊತೆಗೆ, ಆ ಕ್ರಿಯೆಯಲ್ಲಿ ಯಾರು ಯಾರ ಎದುರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಕಡೆಯ ಮಾತು ಯಾರದು ಎಂಬುದನ್ನೂ ಹೇಳುತ್ತದೆ. ಅದನ್ನು ಅಳೆಯುವ ಕೋಲು ಉತ್ತರ ಕರ್ನಾಟಕದ ಆಡುಮಾತಿನಲ್ಲೇ ಇದೆ. ಅದು ‘ಒಲ್ಲೆ’ ಎಂಬ ಒಂದೇ ಪದ. ಎರಡೂ ಕಡೆಯವರು ಒಲ್ಲೆ ಎಂದು ಎದ್ದುಹೋಗಬಲ್ಲರಾದರೆ ಅಲ್ಲಿ ನಡೆಯುವುದು ವ್ಯವಹಾರ. ಒಬ್ಬರಿಗೆ ಮಾತ್ರ ಆ ಶಕ್ತಿ ಇದ್ದರೆ ಅದಕ್ಕೆ ಏನೇ ಹೆಸರಿಟ್ಟರೂ ಅದು ಬೇಡಿಕೊಳ್ಳುವುದೇ ಆಗುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಪೇಟೆ, ಕೋರ್ಟು ಮತ್ತು ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು. ಇಲ್ಲಿ ಒಂದು ಸಂಧಿ ಆಗಿದೆ, ಎರಡು ಬಂಡಾಯ ನಡೆದಿವೆ, ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ನಡೆದಿದೆ. ಹೀಗಾಗಿ ಪದಗಳ ಅರ್ಥ ಇಲ್ಲಿ ನಿಘಂಟಿನಿಂದಾಚೆಗೂ ಬೆಳೆದಿದೆ.

ಸಂತೆಯ ಪದಗಳು

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಪದ ಹ್ಯಾಗಲ್. ಕಡಿ, ಕೊಚ್ಚು ಎಂಬ ಅರ್ಥದ ಹಳೆಯ ಸ್ಕ್ಯಾಂಡಿನೇವಿಯನ್ ಧಾತುವಿನಿಂದ ಬಂದ ಇದು ಬೆಲೆಯನ್ನು ಚೂರುಚೂರಾಗಿ ಕಡಿಯುವುದನ್ನು ಹೇಳುತ್ತದೆ, ಸ್ವಲ್ಪ ತಾತ್ಸಾರವನ್ನೂ ಹೊತ್ತಿರುತ್ತದೆ. ಹಳೆಯ ಫ್ರೆಂಚಿನಿಂದ ಬಂದ ಬಾರ್ಗೇನ್ ಕೂಡ ಮೊದಲಿಗೆ ಬೆಲೆಯ ಮೇಲಿನ ಜಗ್ಗಾಟವೇ ಆಗಿತ್ತು. ಈಗ ಅದಕ್ಕೆ ಮೂರು ಅರ್ಥಗಳಿವೆ: ಬೆಲೆಗಾಗಿ ನಡೆಸುವ ಮಾತು, ಆ ಮಾತಿನಿಂದ ಗಟ್ಟಿಯಾದ ಒಪ್ಪಂದ, ಮತ್ತು ಅಗ್ಗಕ್ಕೆ ಸಿಕ್ಕ ವಸ್ತು. ಕನ್ನಡದಲ್ಲಿ ಈ ಮೂರಕ್ಕೂ ಬೇರೆಬೇರೆ ಮಾತುಗಳಿವೆ. ಮೊದಲನೆಯದು ಚೌಕಾಸಿ, ಎರಡನೆಯದು ಕುದುರಿದ ವ್ಯಾಪಾರ, ಮೂರನೆಯದು ಸೋವಿ. ಚೌಕಾಸಿಯ ನಂಟು ಮರಾಠಿಯ ‘ಚೌಕಶಿ’ಯೊಂದಿಗೆ. ಅಲ್ಲಿ ಅದಕ್ಕೆ ವಿಚಾರಣೆ ಎಂದು ಅರ್ಥ. ನಾಲ್ಕು ಕಡೆ ಕೇಳಿ ತಿಳಿಯುವುದೇ ಕನ್ನಡದ ಪೇಟೆಗೆ ಬಂದಾಗ ಬೆಲೆ ಇಳಿಸುವ ಮಾತಾಯಿತು. ಅಚ್ಚಗನ್ನಡದ ‘ಕೊಸರು’ ಇನ್ನೂ ಅರ್ಥವತ್ತಾದದ್ದು. ಅಳತೆ ಮುಗಿದ ಮೇಲೆ ಕೈಯೆತ್ತಿ ಹಾಕುವ ಒಂದು ಹಿಡಿ ಹೆಚ್ಚುವರಿಯೂ ಕೊಸರು, ಹಿಡಿತದಿಂದ ಬಿಡಿಸಿಕೊಳ್ಳಲು ಮೈ ಒದರುವುದೂ ಕೊಸರುವುದು. ಇಂಗ್ಲಿಷಿನವನ ಗಮನ ಬೆಲೆ ಕಡಿಯುವುದರ ಮೇಲಿದ್ದರೆ, ಕನ್ನಡದ ಕೊಸರಾಟದ ಗಮನ ಮೇಲೊಂದಿಷ್ಟು ಪಡೆಯುವುದರ ಮೇಲಿದೆ. ಹಣದ ಲೆಕ್ಕ ಎರಡರಲ್ಲೂ ಒಂದೇ ಆಗಬಹುದು. ಆದರೆ ಮಾರುವವಳು ತಾನು ಹೇಳಿದ ದರವನ್ನು ಉಳಿಸಿಕೊಂಡೇ ಕೊಳ್ಳುವವಳಿಗೆ ಸಮಾಧಾನ ಮಾಡಿ ಕಳಿಸುತ್ತಾಳೆ ಎಂಬ ವ್ಯತ್ಯಾಸ ಸಣ್ಣದಲ್ಲ.

ಈ ಸೀಮೆಯ ಸಂತೆಯಲ್ಲಿ ಮಾತು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲ ಬೆಲೆ ಕೇಳಿದ ಗಿರಾಕಿ “ಕೊಟ್ಟ ತಗೊಳ್ಳೂ ಮಾತ ಹೇಳ್ರಿ ಅಕ್ಕಾರ” ಎನ್ನುತ್ತಾರೆ. ಅಂದರೆ, ನೀವು ಕೊಡಬಹುದಾದ ಮತ್ತು ನಾನು ಕೊಳ್ಳಬಹುದಾದ ಬೆಲೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಎಂದು. ಮಾತು ಅಲ್ಲಿಗೂ ಕೂಡದಿದ್ದರೆ “ನಿಮ್ದೂ ಬ್ಯಾಡ, ನಮ್ದೂ ಬ್ಯಾಡ” ಎಂದು ನಡುವಿನ ಒಂದು ಅಂಕಿ ಹುಟ್ಟುತ್ತದೆ. ಅದೂ ಆಗದಿದ್ದರೆ ಗಿರಾಕಿ ಹೆಜ್ಜೆ ತೆಗೆಯುತ್ತಾರೆ, ನಾಲ್ಕು ಹೆಜ್ಜೆ ಹೋದ ಮೇಲೆ “ಹೊಳ್ಳಿ ಬರ್ರಿ, ನಿಮ್ಮ ಮಾತಿಗಿರ್ಲಿ” ಎಂಬ ಕೂಗು ಬರಬಹುದು, ಬಾರದೆಯೂ ಇರಬಹುದು. ಆ ನಾಲ್ಕು ಹೆಜ್ಜೆಗಳೇ ಚೌಕಾಸಿಯ ಹುರುಳು. ಹೋಗುವವರು ನಿಜಕ್ಕೂ ಹೋಗಬಲ್ಲರು, ಕರೆಯುವವರು ಕರೆಯದೆಯೂ ಇರಬಲ್ಲರು. ದನದ ಸಂತೆಯಲ್ಲಿ ಇದೇ ಮಾತು ಬಾಯಿಯಿಂದ ಕೈಗೆ ಇಳಿಯುತ್ತದೆ. ಟವೆಲ್ಲಿನ ಮರೆಯಲ್ಲಿ ಕೈಹಿಡಿದು, ಹಿಡಿದ ಬೆರಳುಗಳ ಎಣಿಕೆಯಿಂದಲೇ ಬೆಲೆ ಹೇಳುತ್ತಾರೆ. ಒಂದು ಬೆರಳು ಒಂದು, ಇಡೀ ಅಂಗೈ ಐದು. ಸಾವಿರವೋ ನೂರೋ ಎಂಬುದಷ್ಟೇ ಬಾಯಲ್ಲಿ ಬರುತ್ತದೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಾತು ಮುರಿದರೂ ಯಾರು ಎಷ್ಟಕ್ಕೆ ಕೇಳಿದರು ಎಂಬುದು ಬಯಲಾಗದು, ಹಾಗಾಗಿ ಮುಂದಿನ ಗಿರಾಕಿಯೊಂದಿಗೆ ಮಾರುವವನು ಹೊಸದಾಗಿ ಮಾತು ಶುರುಮಾಡಬಹುದು. ಒಲ್ಲೆ ಎಂದದ್ದಕ್ಕೆ ದಂಡ ತೆರಬೇಕಾಗಿಲ್ಲ ಎಂಬುದೇ ಈ ಮರೆಯ ಗುಣ. ಅದೇ ಮರೆ ದಲಾಲನ ಕೈಗೆ ಸಿಕ್ಕಾಗ ದೋಷವೂ ಆಗುತ್ತದೆ. ಮಾರುವವನಿಗೆ ಒಂದು ಅಂಕಿ, ಕೊಳ್ಳುವವನಿಗೆ ಇನ್ನೊಂದು ಅಂಕಿ ಹೇಳಿ ನಡುವಿನದನ್ನು ತಾನು ಉಳಿಸಿಕೊಳ್ಳಲು ದಾರಿಯಾಗುತ್ತದೆ.

ಕಾಳುಕಡಿಯ ಪೇಟೆಯನ್ನು ಬಯಲಿಗೆ ತರುವ ಕೆಲಸ ಇಂಥ ದೋಷಗಳಿಂದಲೇ ಹುಟ್ಟಿತು. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1927ರಲ್ಲಿ ಹತ್ತಿ ಮಾರುಕಟ್ಟೆಗಳ ಕಾಯ್ದೆ ಬಂತು, 1939ರಲ್ಲಿ ಅದು ಎಲ್ಲ ಕೃಷಿ ಉತ್ಪನ್ನಗಳಿಗೂ ವಿಸ್ತರಿಸಿತು. ಕರ್ನಾಟಕದ ಈಗಿನ ಎಪಿಎಂಸಿ ಕಾಯ್ದೆ 1966ರದು. ಈ ಮಾರುಕಟ್ಟೆಗಳಲ್ಲಿ ಕೂಗಿ ನಡೆಸುವ ಮಾರಾಟಕ್ಕೆ ಇಂಗ್ಲಿಷ್ ಹೆಸರು ಆಕ್ಷನ್, ಲ್ಯಾಟಿನ್ನಿನಲ್ಲಿ ಹೆಚ್ಚಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಹಳೆ ಮೈಸೂರಿನವರು ಹರಾಜು ಎನ್ನುವುದನ್ನು ಇಲ್ಲಿಯವರು ಲಿಲಾವು ಎನ್ನುತ್ತಾರೆ. ಪೋರ್ಚುಗೀಸರ ಪದ ಮರಾಠಿಯ ಮೂಲಕ ಧಾರವಾಡ ಸೀಮೆಗೆ ಬಂದು ನೆಲೆಸಿದೆ. ಕೂಗುವ ದರಕ್ಕೆ ಸವಾಲು ಎಂದು ಹೆಸರು. ಲಿಲಾವಿಗೂ ಬಾರ್ಗೇನಿಗೂ ಇರುವ ಅಂತರವನ್ನು ಇಂಗ್ಲಿಷ್ ನಿಘಂಟುಗಳಿಗಿಂತ ರೈತರು ಚೆನ್ನಾಗಿ ಬಲ್ಲರು. ಲಿಲಾವಿನಲ್ಲಿ ಕೊಳ್ಳುವವರು ಪರಸ್ಪರ ಪೈಪೋಟಿ ಮಾಡುತ್ತಾರೆ, ಮಾರುವವನಿಗೆ ಮಾತೇ ಇಲ್ಲ. ಅವನ ಪಾಲಿಗೆ ಉಳಿಯುವುದು ಒಪ್ಪುವುದು ಅಥವಾ ಒಪ್ಪದಿರುವುದು. 2014ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಹುಟ್ಟಿ, ಮಾರುಕಟ್ಟೆಗಳು ಆನ್‌ಲೈನ್ ಟೆಂಡರಿಗೆ ಹೊರಳಿದಾಗ ಕೂಗೂ ನಿಂತಿತು. ಎಲ್ಲಕ್ಕಿಂತ ಹೆಚ್ಚಿನ ಟೆಂಡರ್ ದರ ಮೊಬೈಲಿಗೆ ಬರುತ್ತದೆ, ರೈತ ಅದನ್ನು ಒಪ್ಪಬಹುದು, ನಿರಾಕರಿಸಬಹುದು. ಹೊಸ ಏರ್ಪಾಡಿನಲ್ಲಿ ರೈತನ ಕೈಯಲ್ಲಿರುವ ವ್ಯವಹಾರವೆಲ್ಲ ಆ ನಿರಾಕರಣೆಯಲ್ಲೇ ಅಡಗಿದೆ.

ಕೈಯಲ್ಲಿ ಉಳಿಯುವುದೇನು

ನಿರಾಕರಿಸುವ ಹಕ್ಕು ಕಾಯ್ದೆಯಲ್ಲಿ ಇದ್ದರೆ ಸಾಕಾಗದು, ಮನೆಯ ಪರಿಸ್ಥಿತಿಯಲ್ಲೂ ಇರಬೇಕು. ಇಂಗ್ಲಿಷಿನ ‘ಬಾರ್ಗೇನಿಂಗ್ ಪವರ್’ ಎಂಬ ಜೋಡಿಪದ ಹೇಳುವುದು ಇದನ್ನೇ. ಅಮೆರಿಕದ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಶಕ್ತಿಯ ಅಳತೆಯನ್ನು ಒಂದು ಪ್ರಶ್ನೆಯಾಗಿ ಇಟ್ಟರು: ಮಾತು ಮುರಿದರೆ ನಿಮ್ಮ ಕೈಯಲ್ಲಿ ಉಳಿಯುವ ಅತ್ಯುತ್ತಮ ದಾರಿ ಯಾವುದು? ಕರಿಮಣ್ಣಿನ ಈ ನಾಡಿನಲ್ಲಿ ಉತ್ತರ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಒಕ್ಕಿದ ಕಡಲೆ ತಿಂಗಳುಗಟ್ಟಲೆ ಇರುತ್ತದೆ. ಕಿತ್ತ ಉಳ್ಳಾಗಡ್ಡಿ ಮಳೆಗಾಲದ ತೇವಕ್ಕೆ ಕೊಳೆಯತೊಡಗುತ್ತದೆ. ಒಬ್ಬನೇ ರೈತ, ಒಂದೇ ಪೇಟೆ, ಆದರೂ ಕಡಲೆ ಮಾರುವಾಗ ಅವನು ಒಲ್ಲೆ ಎನ್ನಬಲ್ಲ, ಉಳ್ಳಾಗಡ್ಡಿ ಮಾರುವಾಗ ಎನ್ನಲಾರ. ಅಡತಿ (ದಲಾಲಿ) ಅಂಗಡಿಯಲ್ಲಿ ಉದ್ರಿ ಇದ್ದರೆ ಕಡಲೆಯ ವಿಷಯದಲ್ಲೂ ಎನ್ನಲಾರ, ಏಕೆಂದರೆ ಬಿತ್ತುವಾಗ ತೆಗೆದುಕೊಂಡ ಸಾಲ ಮಾರುವಾಗಿನ ಮಾತನ್ನು ಮೊದಲೇ ಆಡಿಬಿಟ್ಟಿರುತ್ತದೆ. ಸರ್ಕಾರದ ಬೆಂಬಲ ಬೆಲೆಯನ್ನು ನೋಡಬೇಕಾದದ್ದೂ ಹೀಗೆಯೇ. ಹೆಸರು, ಕಡಲೆಯ ಖರೀದಿ ಕೇಂದ್ರದಲ್ಲಿ ಚೌಕಾಸಿ ನಡೆಯುವುದಿಲ್ಲ. ಆದರೆ ಅದು ತೆರೆದಿದೆ ಎಂಬ ಸುದ್ದಿಯೇ ಅಡತಿಯ ಮುಂದೆ ನಿಂತ ರೈತನ ದನಿಯನ್ನು ಗಟ್ಟಿಮಾಡುತ್ತದೆ.

ನೆಗೋಷಿಯೇಟ್ ಎಂಬ ಪದದ ಎರಡು ದೂರದ ಅರ್ಥಗಳು ಇಲ್ಲಿ ಒಂದೆಡೆ ಸೇರುತ್ತವೆ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಬಿಡುವಿಲ್ಲದಿರುವುದು’, ಅಂದರೆ ಉದ್ಯೋಗ ಎಂದರ್ಥ. ಅಲ್ಲಿಂದ ವ್ಯಾಪಾರ, ವ್ಯಾಪಾರದಿಂದ ಮಾತುಕತೆ, ಮಾತುಕತೆಯಿಂದ ಕಷ್ಟದ ತಿರುವನ್ನು ದಾಟುವುದು ಎಂಬವರೆಗೆ ಅದು ಬೆಳೆದಿದೆ. ಇವುಗಳ ನಡುವೆ ಕಾನೂನಿನ ಅರ್ಥವೊಂದಿದೆ: ಕಾಗದದ ಹಕ್ಕನ್ನು ಕೈಯಿಂದ ಕೈಗೆ ದಾಟಿಸುವುದು. ಚೆಕ್ಕಿಗೆ ಸಂಬಂಧಿಸಿದ 1881ರ ಕಾಯ್ದೆಯ ಹೆಸರಿನಲ್ಲಿರುವ ‘ನೆಗೋಷಿಯಬಲ್’ ಈ ಅರ್ಥದ್ದು. ಅದನ್ನು ‘ಮಾತುಕತೆಗೆ ಒಳಪಟ್ಟ’ ಎಂದು ಕನ್ನಡಿಸಿದರೆ ಪೂರಾ ತಪ್ಪಾಗುತ್ತದೆ. 2007ರ ಉಗ್ರಾಣ ಕಾಯ್ದೆ ಗೋದಾಮಿನ ರಸೀದಿಯನ್ನೂ ಹೀಗೆ ದಾಟಿಸಬಹುದಾದ ಕಾಗದವಾಗಿಸಿತು. ಕಡಲೆಯನ್ನು ಗೋದಾಮಿನಲ್ಲಿಟ್ಟು, ರಸೀದಿಯ ಮೇಲೆ ಸಾಲ ಪಡೆದು, ದರ ಏರುವವರೆಗೆ ಕಾಯಬಲ್ಲ ರೈತನಿಗೆ ಪದದ ಈ ಕಾನೂನಿನ ಅರ್ಥ ಅದರ ಪೇಟೆಯ ಅರ್ಥವನ್ನು ಗಳಿಸಿಕೊಡುತ್ತದೆ.

ಒಬ್ಬನಿಗೆ ಆಗದ್ದು ಹಲವರಿಗೆ ಆದೀತು ಎಂಬುದು ‘ಕಲೆಕ್ಟಿವ್ ಬಾರ್ಗೇನಿಂಗ್’ ಎಂಬ ಪದದ ತಿರುಳು. ಇಂಗ್ಲೆಂಡಿನ ಬಿಯಾಟ್ರಿಸ್ ವೆಬ್ 1891ರಲ್ಲಿ ಇದನ್ನು ಬಳಕೆಗೆ ತಂದರು. ಅದಾದ ಎರಡು ದಶಕದೊಳಗೆ ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. 1917ರಲ್ಲಿ ಗದುಗಿನಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಬಂತು. ಈ ಊರುಗಳಲ್ಲಿ ಹೊಸ ಇಂಗ್ಲಿಷ್ ಪದವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಗಜೇಂದ್ರಗಡಕ್ಕೆ ಹತ್ತಿರದ ಸೂಡಿ ಚಾಲುಕ್ಯರ ಕಾಲದ ವ್ಯಾಪಾರದ ಊರು, ಆ ಮನೆತನದ ಅಕ್ಕಾದೇವಿಯ ಆಳ್ವಿಕೆಗೆ ಸೇರಿದ್ದು. ಐಹೊಳೆಯ ಐನೂರ್ವರ ಹೆಸರಿನ ವರ್ತಕ ಸಂಘ ಈ ನೆಲದಲ್ಲೇ ಹರಡಿತ್ತು. ಅಂದಿನ ಶಾಸನಗಳಲ್ಲಿ ವರ್ತಕ ಸಂಘಕ್ಕೆ ‘ಸಮಯ’ ಎಂಬ ಹೆಸರಿದೆ. ಆ ಪದದ ಹಳೆಯ ಅರ್ಥ ಒಡಂಬಡಿಕೆ. ಒಡಂಬಟ್ಟವರ ಗುಂಪಿಗೆ ಒಡಂಬಡಿಕೆಯ ಹೆಸರೇ ಬಂದದ್ದನ್ನು ನೋಡಿದರೆ, ಒಟ್ಟಾಗಿ ನಿಲ್ಲುವುದು ವ್ಯವಹಾರದ ಮೊದಲ ಹೆಜ್ಜೆ ಎಂಬ ತಿಳಿವು ಇಲ್ಲಿ ಸಾವಿರ ವರ್ಷ ಹಳೆಯದು.

ಮಾತು ಗಟ್ಟಿಯಾಗುವ ಹೊತ್ತು

ಮಾತು ಒಪ್ಪಂದವಾಗಿ ಹೆಪ್ಪುಗಟ್ಟುವ ಗಳಿಗೆಗೂ ಪದಗಳಿವೆ. ಇಂಗ್ಲಿಷಿನಲ್ಲಿ ಬಾರ್ಗೇನನ್ನು ‘ಹೊಡೆಯುತ್ತಾರೆ’. ಕೈಗೆ ಕೈ ತಟ್ಟುವ ರೂಢಿ ಅದರ ಹಿಂದಿದೆ. ಈ ಸೀಮೆಯಲ್ಲಿ ಕೈಮೇಲೆ ಕೈ ಹಾಕುತ್ತಾರೆ. ಪಾಲು, ಹಂಚಿಕೆ ಎಂಬ ಅರ್ಥದಿಂದ ಹೊರಟ ಡೀಲ್ ಕನ್ನಡಕ್ಕೆ ಬಂದಾಗ ಮರ್ಯಾದೆ ಕಳೆದುಕೊಂಡಿತು. ‘ಡೀಲ್ ಕುದುರಿಸಿದ’ ಎಂದರೆ ಒಳಗೊಳಗೇ ಮಾಡಿಕೊಂಡ ಎಂಬ ಧ್ವನಿ ಬರುತ್ತದೆ. ‘ವ್ಯಾಪಾರ ಕುದುರಿತು’ ಎಂದರೆ ಆ ಧ್ವನಿ ಇಲ್ಲ. ಭೂಮಿಯ ವಹಿವಾಟಿನ ಪದ ಸಂಚಕಾರ. ಸಂಸ್ಕೃತದ ಸತ್ಯಂಕಾರ, ಅಂದರೆ ಮಾತನ್ನು ಸತ್ಯವಾಗಿಸುವ ಹಣ, ಪ್ರಾಕೃತದ ದಾರಿಯಲ್ಲಿ ಸಂಚಕಾರವಾಗಿದೆ. ರೋಣ, ನರಗುಂದದ ಬರಹಗಾರರು ಇಂದಿಗೂ ‘ಸಂಚಕಾರ ಪತ್ರ’ ಬರೆಯುತ್ತಾರೆ. ಹೊಲ ಕೊಳ್ಳುವವನು ಮುಂಗಡ ಕೊಟ್ಟು, ಇಂತಿಷ್ಟು ದಿನದೊಳಗೆ ಖರೀದಿ ಮಾಡಿಕೊಳ್ಳುವುದಾಗಿ ಒಪ್ಪಿದ ಕಾಗದ ಅದು. ಆದರೆ ನಾಡಿನ ಉಳಿದೆಡೆ, ಪತ್ರಿಕೆಗಳಲ್ಲೂ, ಸಂಚಕಾರ ಎಂದರೆ ಕೇಡು. ಪ್ರಾಣಕ್ಕೆ ಸಂಚಕಾರ ಬರುತ್ತದೆ. ಕೈಬಿಟ್ಟು ಹೋಗುವ ಮುಂಗಡದ ನೆನಪು ಪದಕ್ಕೆ ಈ ಎರಡನೆಯ ಬಣ್ಣ ಕೊಟ್ಟಿರಬೇಕು. ಎರಡೂ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಒಂದೇ ಗಳಿಗೆಯ ಎರಡು ಮುಖ. ಸಂಚಕಾರ ಕೊಟ್ಟ ಮೇಲೆ ಒಲ್ಲೆ ಎನ್ನುವುದು ಪುಕ್ಕಟೆಯಲ್ಲ, ಅದಕ್ಕೆ ಬೆಲೆ ತೆರಬೇಕು. ಬಾರ್ಗೇನ್ ಮುಗಿದು ಕಾಂಟ್ರ್ಯಾಕ್ಟ್ ಶುರುವಾಗುವ ಗೆರೆಯನ್ನು ಇದಕ್ಕಿಂತ ಚೊಕ್ಕವಾಗಿ ಎಳೆಯುವ ಪದ ಇಂಗ್ಲಿಷಿನಲ್ಲೂ ಸುಲಭಕ್ಕೆ ಸಿಗದು.

ಕೂತು ಆಡಿದ ಮಾತು: 1787

ಪೇಟೆಯಿಂದ ರಾಜ್ಯಗಳ ನಡುವಿನ ಮಾತಿಗೆ ಏರಿದಾಗ ಚೌಕಾಸಿ ಎಂಬ ಪದ ಹಿಂದೆ ಉಳಿಯುತ್ತದೆ. ಅಲ್ಲಿ ಬೇಕಾಗುವುದು ಸಂಧಾನ, ಸಂಧಿ, ಕರಾರು. ಗಜೇಂದ್ರಗಡದ ಹೆಸರು ಭಾರತದ ಚರಿತ್ರೆಯಲ್ಲಿ ಉಳಿದಿರುವುದು ಇಂಥ ಒಂದು ಕರಾರಿನಿಂದ. ನರಗುಂದದ ಭಾವೆ ಮನೆತನದಿಂದ ಟಿಪ್ಪು ಸುಲ್ತಾನ ಹೆಚ್ಚಿನ ಕಪ್ಪ ಕೇಳಿದ್ದು, ಆ ಮಾತು ಮುರಿದು 1785ರಲ್ಲಿ ನರಗುಂದದ ಮುತ್ತಿಗೆಯಾದದ್ದು ಮರಾಠರು, ನಿಜಾಮ ಒಂದು ಕಡೆ, ಮೈಸೂರು ಇನ್ನೊಂದು ಕಡೆಯಾಗಿ ನಡೆದ ಯುದ್ಧಕ್ಕೆ ಒಂದು ಮುಖ್ಯ ಕಾರಣವಾಯಿತು. ಎರಡು ವರ್ಷದ ಕಾದಾಟದ ನಂತರ 1787ರ ಏಪ್ರಿಲ್‌ನಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಟಿಪ್ಪು ಕಪ್ಪದ ಬಾಬ್ತು 48 ಲಕ್ಷ ರೂಪಾಯಿ ಒಪ್ಪಿಕೊಂಡ. ಬಾದಾಮಿ ಮರಾಠರಿಗೆ ಹೋಯಿತು. ನರಗುಂದ, ಕಿತ್ತೂರು, ಆದವಾನಿಗಳು ಹಿಂದಿನವರ ಕೈಗೆ ಮರಳಬೇಕಾಯಿತು. ಇಷ್ಟು ಕೊಟ್ಟವನು ಪಡೆದುದರಲ್ಲಿ ಗಮನಾರ್ಹವಾದದ್ದು ಒಂದು ಸಂಬೋಧನೆ. ಮರಾಠರು ತನ್ನನ್ನು ಬರಿಯ ಹೆಸರಿನಿಂದ ಕರೆಯದೆ ‘ನವಾಬ ಟಿಪ್ಪು ಸುಲ್ತಾನ’ ಎಂದು ಗೌರವದಿಂದ ಕರೆಯಬೇಕೆಂಬುದು ಆಗಿನ ಮಾತಿನಲ್ಲಿ ಸೇರಿತ್ತು.

ಹಣಕ್ಕೆ ಹಣ, ಊರಿಗೆ ಊರು ಎಂದು ಮಾತ್ರ ಲೆಕ್ಕ ಹಾಕುವವರಿಗೆ ಈ ಸಂಬೋಧನೆ ಕ್ಷುಲ್ಲಕ ಎನಿಸಬಹುದು. ಬಾರ್ಗೇನ್ ಮತ್ತು ನೆಗೋಷಿಯೇಟ್ ಎರಡರ ನಡುವಿನ ಗೆರೆ ಇರುವುದು ಇಲ್ಲಿಯೇ. ಬೆಲೆಯ ಮಾತು ಮುಗಿದರೆ ಮಾರುವವನೂ ಕೊಳ್ಳುವವನೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಸಂಧಾನ ಮುಗಿದ ಮೇಲೆ ಇಬ್ಬರೂ ಅಕ್ಕಪಕ್ಕದಲ್ಲೇ ಬಾಳಬೇಕು, ಆದ್ದರಿಂದ ಒಬ್ಬರು ಇನ್ನೊಬ್ಬರನ್ನು ಏನೆಂದು ಒಪ್ಪಿಕೊಂಡಿದ್ದಾರೆ ಎಂಬುದೂ ಒಪ್ಪಂದದ ಭಾಗವಾಗುತ್ತದೆ. ಕನ್ನಡದ ಪದಗಳು ಇದನ್ನು ಹೇಳುತ್ತಲೇ ಬಂದಿವೆ. ಸಂಧಾನ, ಸಂಧಿ ಎಂದರೆ ಕೂಡಿಸುವುದು. ಕರಾರು ಅರಬ್ಬಿಯಲ್ಲಿ ನೆಲೆ, ನೆಮ್ಮದಿ. ಒಪ್ಪಂದದ ಒಳಗಿರುವ ಒಪ್ಪು ಸಮ್ಮತಿಯೂ ಹೌದು, ಅಂದವೂ ಹೌದು. ಅಂದು ಎರಡು ಕಡೆಯ ಮಾತು ಹೊತ್ತು ಓಡಾಡಿದವರಿಗೆ ವಕೀಲರೆಂದೇ ಹೆಸರು. ಟಿಪ್ಪುವಿನ ವಕೀಲ ಪೇಶ್ವೆಯ ಕಡೆಯವರ ಎದುರು ಕೂತು ಮಾತಾಡುತ್ತಿದ್ದ. ಈಗಿನ ವಕೀಲರು ಎದುರಾಳಿಗೆ ಮುಖ ಕೊಡದೆ ನ್ಯಾಯಾಧೀಶರಿಗೆ ಮುಖ ಕೊಟ್ಟು ನಿಂತು ಮಾತಾಡುತ್ತಾರೆ. ಒಂದೇ ಪದ ಸಂಧಾನದಿಂದ ವಾದಕ್ಕೆ ತಿರುಗಿ ನಿಂತಿದೆ.

ನಿಂತು ಆಡಿದ ಮಾತು: 1858 ಮತ್ತು 1980

ಎದುರು ಕೂರುವ ಅವಕಾಶ ಇಲ್ಲದವರ ಮಾತಿಗೆ ಬೇರೆ ಪದಗಳಿವೆ: ಅರ್ಜಿ, ಅಹವಾಲು, ಮನವಿ, ಬಿನ್ನಹ. ಇವುಗಳಿಗೆ ಉತ್ತರವಾಗಿ ಬರುವುದು ಒಪ್ಪಂದವಲ್ಲ, ರಿಯಾಯಿತಿ. ಇಂಗ್ಲಿಷಿನ ಕನ್ಸೆಷನ್ ಮಾತುಕತೆಯಲ್ಲಿ ಒಂದು ಪಕ್ಷ ಬಿಟ್ಟುಕೊಡುವ ಅಂಶವನ್ನೂ ಹೇಳಬಲ್ಲದು, ಮೇಲಿನವನು ಕೆಳಗಿನವನಿಗೆ ಕರುಣಿಸುವುದನ್ನೂ ಹೇಳಬಲ್ಲದು. ಕನ್ನಡದ ರಿಯಾಯಿತಿ ಎರಡನೆಯದನ್ನೇ ಹೆಚ್ಚಾಗಿ ಹೇಳುತ್ತದೆ. ನರಗುಂದದ ಅರಸ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರದ ಅನುಮತಿ ಕೇಳಿದ. ಅದು ಸಿಗಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಯಾವ ಸಂಸ್ಥಾನದ ಹೆಸರು ಎರಡು ದೊಡ್ಡ ರಾಜ್ಯಗಳ ಕರಾರಿನಲ್ಲಿ ಬಂದಿತ್ತೋ ಅದೇ ಸಂಸ್ಥಾನ ಈಗ ಅರ್ಜಿದಾರನಾಗಿ ನಿಂತಿತ್ತು. ಬಾಬಾಸಾಹೇಬ ಬಂಡೆದ್ದ. 1858ರ ಮೇ 29ರಂದು ಸುರೇಬಾನದಲ್ಲಿ ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಒಲ್ಲೆ ಎನ್ನಲು ಮಾತಿನಲ್ಲಿ ಜಾಗವೇ ಇಲ್ಲದಾಗ ಅದು ಮಾತಿನ ಹೊರಗೆ ಸಿಡಿಯುತ್ತದೆ ಎಂಬುದಕ್ಕೆ ಇದು ಈ ನೆಲದ ಮೊದಲ ದೊಡ್ಡ ಸಾಕ್ಷಿ.

ಎರಡನೆಯದು 1980ರದು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವೂ ಬಿದ್ದಿತ್ತು. ಸಮನ್ವಯ ಸಮಿತಿ ಕಟ್ಟಿಕೊಂಡ ರೈತರು ಮನವಿಗಳನ್ನು ಕೊಟ್ಟರು, ಪ್ರತಿಭಟಿಸಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದರು. ಆ ದಿನದ ಹಿಂಸೆಯಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಆ ಕಿಚ್ಚು ರಾಜ್ಯದ ತುಂಬ ಹರಡಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಜುಲೈ 21 ಇಂದಿಗೂ ರೈತ ಹುತಾತ್ಮ ದಿನ. ಇಲ್ಲಿ ಎರಡು ಪದಗಳ ಒಡಹುಟ್ಟು ನೆನೆಯುವಂತಿದೆ. ರೈತ ಮತ್ತು ರಿಯಾಯಿತಿ ಎರಡೂ ಅರಬ್ಬಿಯ ಒಂದೇ ಧಾತುವಿನಿಂದ ಬಂದಿವೆ, ಅದರ ಅರ್ಥ ಮಂದೆ ಕಾಯುವುದು. ಕಾಯಿಸಿಕೊಳ್ಳುವವನು ರೈತ, ಕಾಯುವವನು ತೋರಿಸುವ ದಯೆ ರಿಯಾಯಿತಿ. ನರಗುಂದದ ನಂತರ ‘ರೈತ’ ಎಂಬ ಪದ ಆ ಹಳೆಯ ಅರ್ಥವನ್ನು ಕೊಡವಿ ಎದ್ದಿತು. ‘ರಿಯಾಯಿತಿ’ ಹಾಗೇ ಉಳಿಯಿತು. ಸರ್ಕಾರಿ ಭಾಷೆಯಲ್ಲಿ ರೈತರೊಂದಿಗಿನ ಮಾತಿನ ಫಲಕ್ಕೆ ಈಗಲೂ ಆ ಪದವನ್ನೇ ಬಳಸುವುದು, ಕೂತು ಮಾತಾಡಿದವರನ್ನು ಮತ್ತೆ ನಿಲ್ಲಿಸಿದಂತೆ.

ನಡುವಿನವರು

ಮೂರನೆಯವರು ಬಂದು ಕೂತಾಗ ಇಂಗ್ಲಿಷ್ ಬಹಳ ಜಾಗ್ರತೆಯಿಂದ ಪದ ಬೇರೆ ಮಾಡುತ್ತದೆ. ಮೀಡಿಯೇಟರ್ ಇಬ್ಬರನ್ನೂ ಮಾತಾಡಿಸುತ್ತಾರೆ, ತೀರ್ಮಾನ ಕೊಡುವುದಿಲ್ಲ. ಕನ್ಸಿಲಿಯೇಟರ್ ಪರಿಹಾರವನ್ನು ಸೂಚಿಸಬಲ್ಲರು, ಹೇರಲಾರರು. ಆರ್ಬಿಟ್ರೇಟರ್ ತೀರ್ಪನ್ನೇ ಕೊಡುತ್ತಾರೆ. ಮೊದಲ ಎರಡರಲ್ಲಿ ಪಕ್ಷಗಾರರ ಒಲ್ಲೆ ಕೊನೆಯವರೆಗೂ ಜೀವಂತ. ಮೂರನೆಯದರಲ್ಲಿ ಅದು ಪ್ರವೇಶದ ಬಾಗಿಲಲ್ಲೇ ಮುಗಿಯುತ್ತದೆ. ಕನ್ನಡದ ಕಚೇರಿ ಭಾಷೆ ಮೀಡಿಯೇಷನ್ನಿಗೂ ಆರ್ಬಿಟ್ರೇಷನ್ನಿಗೂ ಮಧ್ಯಸ್ಥಿಕೆ ಎಂಬ ಒಂದೇ ಪದ ಬಳಸುತ್ತದೆ. ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದಾಗ ಅಲ್ಲಿ ಇನ್ನೊಬ್ಬ ಜಡ್ಜ್ ಕೂತಿರುತ್ತಾರೆ ಎಂದು ಪಕ್ಷಗಾರ ಅಂಜುವುದಕ್ಕೆ ಈ ಗೊಂದಲ ಸಾಕು. ಊರಿನ ಭಾಷೆಯಲ್ಲಿ ಈ ಗೊಂದಲವಿಲ್ಲ. ತೀರ್ಮಾನ ಹೇಳುವವರು ಪಂಚರು. ಸಮಾಧಾನ ಹೇಳಿ ಕೂಡಿಸುವವರು ಹಿರಿಯರು. ಇಡೀ ಸಮುದಾಯ ಸೇರಿದರೆ ಅದು ದೈವ. ‘ದೈವ ಕೂಡಿಸು’ ಎಂದರೆ ಇಲ್ಲಿ ಪೂಜೆಯಲ್ಲ, ಸಭೆ. ಪಂಚಮಾತು, ಹಿರಿಯರ ಮಾತು ಎಂಬ ಈ ಭೇದವನ್ನು ಕಾನೂನಿನ ಕನ್ನಡ ಎತ್ತಿಕೊಳ್ಳುವುದು ಲಾಭದ ಕೆಲಸ. ರಾಜಿಯ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದಿದೆ. ಕಾಂಪ್ರಮೈಸ್ ಮೂಲದಲ್ಲಿ ಮೂರನೆಯವರ ತೀರ್ಪಿಗೆ ಬದ್ಧರೆಂಬ ಪರಸ್ಪರ ವಚನ. ರಾಜಿ ಅರಬ್ಬಿಯಲ್ಲಿ ತೃಪ್ತ, ಸಂತುಷ್ಟ. ಭಾರತದ ಕ್ರಿಮಿನಲ್ ಕಾನೂನಿಗೆ 2006ರ ಜುಲೈನಿಂದ ಬಂದ ಪ್ಲೀ ಬಾರ್ಗೇನಿಂಗ್ (ತಪ್ಪೊಪ್ಪಿಕೊಂಡು ಶಿಕ್ಷೆ ತಗ್ಗಿಸಿಕೊಳ್ಳುವ ಏರ್ಪಾಡು) ಅಧ್ಯಾಯ ಆ ಹೆಸರನ್ನು ತಲೆಯ ಮೇಲೆ ಹೊತ್ತರೂ, ಒಳಗೆ ಬಳಸುವ ಮಾತಿನ ಅರ್ಥ ‘ಎರಡೂ ಕಡೆಗೆ ತೃಪ್ತಿಯಾಗುವ ಇತ್ಯರ್ಥ’ ಎಂದು. ಕಾನೂನು ಹುಡುಕುತ್ತಿದ್ದ ಅರ್ಥ ರಾಜಿಯಲ್ಲಿ ಮೊದಲೇ ಇತ್ತು.

ಪದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಹದಾಯಿ ನದಿ ನೀರಿನ ವಿವಾದ ತೋರಿಸಿದೆ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ನೆಗೋಷಿಯೇಷನ್ನಿನಿಂದ ವಿವಾದ ಬಗೆಹರಿಯದು ಎಂದು ಕೇಂದ್ರಕ್ಕೆ ಮನವರಿಕೆಯಾದ ಮೇಲೆಯೇ ನ್ಯಾಯಾಧಿಕರಣ ರಚನೆಯಾಗಬೇಕು. ಮಹದಾಯಿ ನ್ಯಾಯಾಧಿಕರಣ 2010ರ ನವೆಂಬರ್‌ನಲ್ಲಿ ರಚನೆಯಾಯಿತು. ಮಹದಾಯಿಯ ಹಳ್ಳಗಳಾದ ಕಳಸಾ-ಬಂಡೂರಿಗಳ ನೀರಿಗಾಗಿ ನರಗುಂದದಲ್ಲಿ 2015ರ ಜುಲೈನಲ್ಲಿ ಧರಣಿ ಕೂತವರು ಅದರ ನಂತರವೂ ಮಾತುಕತೆಗೆ ಒತ್ತಾಯಿಸುತ್ತಲೇ ಇದ್ದರು. 2017ರ ಡಿಸೆಂಬರ್‌ನಲ್ಲಿ ಗೋವಾದ ಆಗಿನ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಕುಡಿಯುವ ನೀರಿನ ಬಗ್ಗೆ ಮಾತಿಗೆ ಸಿದ್ಧ ಎಂದು ಪತ್ರ ಬರೆದರು. ಪತ್ರ ಹೋದದ್ದು ಕರ್ನಾಟಕದ ಮುಖ್ಯಮಂತ್ರಿಗಲ್ಲ, ತಮ್ಮ ಪಕ್ಷದ ಕರ್ನಾಟಕ ಘಟಕದ ಅಧ್ಯಕ್ಷರಿಗೆ. ಆಗ ಏಳುವ ಪ್ರಶ್ನೆ ಒಂದೇ: ಇದು ಸಂಧಾನವೋ, ಬರಿಯ ಮಾತೋ? ಕರಾರಿಗೆ ಸಹಿ ಹಾಕಬಲ್ಲವರು ಎದುರು ಕೂತಿಲ್ಲದಾಗ ಅದು ಸಂಧಾನವಾಗದು ಎಂಬುದು ಗಜೇಂದ್ರಗಡದ ಒಪ್ಪಂದದಿಂದಲೂ ಕಲಿಯಬಹುದಾದ ಪಾಠ. 2018ರ ಆಗಸ್ಟ್ 14ರ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ಅದು ತೀರ್ಪು, ಒಪ್ಪಂದವಲ್ಲ. ಅಂಕಿ ಸಿಕ್ಕ ಮೇಲೂ ವಿವಾದ ತಣ್ಣಗಾಗದಿರುವುದಕ್ಕೆ, ಅದನ್ನು ಯಾರೂ ಕೂತು ಒಪ್ಪಿಕೊಂಡಿರಲಿಲ್ಲ ಎಂಬುದೂ ಒಂದು ಕಾರಣ.

ಆಕ್ಷೇಪಗಳು

ಪದದಿಂದ ಬಲ ಬರುವುದಿಲ್ಲ, ಬಂದೂಕು ಬೊಕ್ಕಸಗಳಿಂದ ಬರುತ್ತದೆ ಎಂಬುದು ಮೊದಲ ಆಕ್ಷೇಪ. ಮನವಿ ಎಂಬುದರ ಬದಲು ಸಂಧಾನ ಎಂದಿದ್ದರೆ 1980ರಲ್ಲಿ ಗುಂಡು ನಿಲ್ಲುತ್ತಿತ್ತೇ ಎಂದು ಕೇಳಬಹುದು. ನಿಲ್ಲುತ್ತಿರಲಿಲ್ಲ. ಪದ ಬಲವನ್ನು ಹುಟ್ಟಿಸುತ್ತದೆ ಎಂಬುದು ಇಲ್ಲಿನ ವಾದವೂ ಅಲ್ಲ. ಇರುವ ಬಲಾಬಲವನ್ನು ಪದ ಬಯಲಿಗಿಡುತ್ತದೆ ಅಥವಾ ಮುಚ್ಚಿಡುತ್ತದೆ. ಉಳ್ಳಾಗಡ್ಡಿ ಕೊಳೆಯುವ ಹೊತ್ತಿನಲ್ಲಿ ಆದ ಮಾರಾಟವನ್ನು ‘ಪರಸ್ಪರ ಒಪ್ಪಿದ ದರ’ ಎಂದು ಬರೆದರೆ ಸುಳ್ಳು ದಾಖಲೆಯಾಗುತ್ತದೆ, ಮುಂದಿನ ನೀತಿ ಆ ದಾಖಲೆಯ ಮೇಲೆ ನಿಲ್ಲುತ್ತದೆ. ಇನ್ನೊಂದು ಆಕ್ಷೇಪ ವ್ಯುತ್ಪತ್ತಿಯ ಬಗೆಗಿನದು. ಲ್ಯಾಟಿನ್, ಅರಬ್ಬಿ ಮೂಲಗಳು ಇಂದಿನ ಬಳಕೆಗೆ ಪ್ರಮಾಣವಲ್ಲ ಎನ್ನುವುದು ಸರಿ. ರೈತ ಎಂಬ ಪದವೇ ತನ್ನ ಮೂಲವನ್ನು ಮೀರಿದೆ. ಮೂಲಗಳನ್ನು ಇಲ್ಲಿ ತಂದದ್ದು ಯಾವ ಪದ ಎಷ್ಟು ದೂರ ನಡೆದಿದೆ, ಯಾವುದು ನಿಂತಲ್ಲೇ ನಿಂತಿದೆ ಎಂದು ಅಳೆಯಲು ಮಾತ್ರ. ಮೂರನೆಯದು, ‘ಸೆಟ್ಲ್ ಆತು’, ‘ಕಾಂಪ್ರಮೈಸ್ ಆದ್ರು’, ‘ಲಾಸ್ಟ್ ರೇಟ್ ಹೇಳ್ರಿ’ ಎಂದು ಜನ ಆಡುತ್ತಿರುವಾಗ ಕನ್ನಡ ಪದಗಳ ಹುಡುಕಾಟ ಏಕೆ ಎಂಬುದು. ಎರವಲು ಪದಗಳ ಮೇಲೆ ಹಗೆ ಸಾಧಿಸಬೇಕಾಗಿಲ್ಲ. ಲಿಲಾವು, ಕರಾರು, ರಾಜಿ, ವಕೀಲ ಎಲ್ಲವೂ ಒಂದು ಕಾಲದ ಎರವಲೇ. ಆದರೆ ಹೊಸ ಎರವಲು ಹಳೆಯ ಭೇದವನ್ನು ಅಳಿಸಿದಾಗ ನಷ್ಟವಿದೆ. ಹಿರಿಯರು ಕೂತು ಮಾಡಿಸಿದ ರಾಜಿಯನ್ನೂ, ಒತ್ತಡಕ್ಕೆ ಮಣಿದು ದೂರು ಹಿಂತೆಗೆದುಕೊಂಡದ್ದನ್ನೂ ಒಂದೇ ‘ಕಾಂಪ್ರಮೈಸ್’ ನುಂಗಿದರೆ, ಎರಡನೆಯದರಲ್ಲಿ ಆದ ಅನ್ಯಾಯಕ್ಕೆ ಹೆಸರೇ ಇಲ್ಲವಾಗುತ್ತದೆ.

ಹಾಗಾಗಿ ಇಂಗ್ಲಿಷಿನ ವ್ಯವಹಾರ ಪದವನ್ನು ಕನ್ನಡಕ್ಕೆ ತರುವವರು, ಅವರು ನಿಘಂಟುಕಾರರಿರಲಿ, ವರದಿಗಾರರಿರಲಿ, ಕಚೇರಿಯ ಗುಮಾಸ್ತರಿರಲಿ, ಮೂರನ್ನು ಕೇಳಿಕೊಳ್ಳಬೇಕು. ಎರಡೂ ಕಡೆಯವರು ಒಲ್ಲೆ ಎನ್ನಬಲ್ಲರೇ? ಕಡೆಯ ಮಾತು ಅವರದೋ ಮೂರನೆಯವರದೋ? ಮಾತು ಮುಗಿದ ಮೇಲೆ ಉಳಿಯುವುದು ಬರಿಯ ಬೆಲೆಯೋ, ಒಡನಾಟವೋ? ಬೆಲೆಯಷ್ಟೇ ಆದರೆ ಚೌಕಾಸಿ ಸಾಕು. ಒಡನಾಟ ಉಳಿಯಬೇಕಾದರೆ ಮಾತುಕತೆ, ಸಂಧಾನ. ಹಿರಿಯರು ಕೂಡಿಸಿ ಇಬ್ಬರೂ ತೃಪ್ತರಾದರೆ ರಾಜಿ, ಪಂಚರು ಹೇಳಿದರೆ ತೀರ್ಪು. ಒಬ್ಬರಿಗೆ ಒಲ್ಲೆ ಎನ್ನುವ ಶಕ್ತಿಯೇ ಇಲ್ಲದಿದ್ದರೆ ಅದನ್ನು ಮನವಿ ಎಂದೇ ಬರೆಯಬೇಕು. ಟೆಂಡರಿನ ದರ ಮೊಬೈಲಿಗೆ ಬಂದಾಗ ನರಗುಂದದ ರೈತನ ಮುಂದಿರುವ ಎರಡು ಆಯ್ಕೆಗಳಲ್ಲಿ ಒಂದು ಒಪ್ಪಿಗೆಯದು, ಇನ್ನೊಂದು ನಿರಾಕರಣೆಯದು. ಎರಡನೆಯದನ್ನು ಆರಿಸಿ, ಚೀಲವನ್ನು ಗೋದಾಮಿಗೆ ಹೊರಿಸಿ, ಆ ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡಬಲ್ಲ ದಿನ ಅವನ ಮೊದಲ ಆಯ್ಕೆಗೂ ಒಪ್ಪಿಗೆ ಎಂಬ ಹೆಸರು ನಿಜವಾಗಿ ಸಲ್ಲುತ್ತದೆ.